ಒಂದು ಗಂಟೆಯೆಂಬ ಕಳ್ಳ ಅಳತೆ

ಪಂಚಕಲ್ಯಾಣದ ಆಮಂತ್ರಣ ಪತ್ರಿಕೆ, ಯಾತ್ರಾಸಂಘದ ಕರಪತ್ರ, ಕ್ಷೇತ್ರ ಪರಿಚಯದ ಪುಸ್ತಿಕೆ ಯಾವುದನ್ನೇ ತಿರುವಿ ನೋಡಿದರೂ ಹಿಂಬದಿಯ ಪುಟದಲ್ಲಿ ‘ಬರುವ ಮಾರ್ಗ’ ಎಂಬ ತಲೆಬರಹದ ಕೆಳಗೆ ಒಂದು ವಾಕ್ಯ ಈಚಿನ ವರ್ಷಗಳಲ್ಲಿ ಮನೆ ಮಾಡಿಕೊಂಡಿದೆ: ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಕೇವಲ ಒಂದು ಗಂಟೆ. ಅದರ ಬೆನ್ನಿಗೇ ಮೂಡಬಿದಿರೆ ‘ಅಲ್ಲಿಂದ ಹತ್ತಿರ’, ಕಾರ್ಕಳ ‘ಇನ್ನೂ ಸ್ವಲ್ಪ ಮುಂದೆ’ ಎಂಬ ಮಾತುಗಳಿರುತ್ತವೆ. ಎಷ್ಟು ಕಿಲೋಮೀಟರ್ ಎಂಬುದು ಮಾತ್ರ ಇರುವುದಿಲ್ಲ. ವ್ಯಾಪಾರವನ್ನೇ ಕುಲವೃತ್ತಿಯಾಗಿ ಮಾಡಿಕೊಂಡು ಬಂದ, ತಕ್ಕಡಿಯ ಮುಳ್ಳು ನಡುವೆ ನಿಲ್ಲುವವರೆಗೆ ಕೈ ತೆಗೆಯಬಾರದೆಂದು ಮಕ್ಕಳಿಗೆ ಕಲಿಸಿದ ಒಂದು ಸಮಾಜದ ಪತ್ರಿಕೆಗಳಲ್ಲಿ ಇಂತಹ ವಾಕ್ಯ ಆಕ್ಷೇಪಣೆಯಿಲ್ಲದೆ ಅಚ್ಚಾಗುತ್ತಿರುವುದು ಆಶ್ಚರ್ಯದ ಸಂಗತಿ.

ಮೊದಲು ಈ ಒಂದು ಗಂಟೆಯೆಂದರೇನು ಎಂಬುದನ್ನು ವಿಚಾರಿಸಬೇಕು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಬಜ್ಪೆಯ ನಿಲ್ದಾಣಕ್ಕೆ ಭೂಗೋಳದ ಮೇಲೆ ಅತ್ಯಂತ ಹ್ರಸ್ವವಾದ ರೇಖೆಯನ್ನು ಎಳೆದರೆ ಅದು ಸುಮಾರು 306 ಕಿಲೋಮೀಟರ್ ಆಗುತ್ತದೆ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ರೇಖಾಂಶದಲ್ಲಿ ಮೂರು ಡಿಗ್ರಿಗೆ ಸ್ವಲ್ಪ ಕಡಿಮೆ ಅಂತರ. ದೊಡ್ಡ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ 800 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುತ್ತದೆ. ಇಡೀ ದೂರವನ್ನು ಅದೇ ವೇಗದಲ್ಲಿ ಕ್ರಮಿಸುವುದಾದರೆ 23 ನಿಮಿಷಗಳು ಸಾಕು. ಹಾಗಿದ್ದೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯೋ, ಅದಕ್ಕೆ ಐದು ಹತ್ತು ನಿಮಿಷ ಹೆಚ್ಚೋ ಇರುತ್ತದೆ. ಏಕೆಂದರೆ ವೇಳಾಪಟ್ಟಿಯ ಲೆಕ್ಕ ಆರಂಭವಾಗುವುದು ನಿಂತ ಜಾಗದಿಂದ ವಿಮಾನದ ಚಕ್ರ ಕದಲಿದಾಗ, ಮುಗಿಯುವುದು ಆ ಚಕ್ರ ಮತ್ತೊಂದು ಕಡೆ ನಿಂತಾಗ. ಓಡುದಾರಿಯ ತುದಿಯವರೆಗಿನ ತೆವಳಿಕೆ, ಸರದಿಗಾಗಿ ಕಾಯುವಿಕೆ, ಮೇಲೇರುವುದು, ಇಳಿಯುವುದು, ಇಳಿಯಲು ಸರಿಯಾದ ದಿಕ್ಕಿಗೆ ಬರಲು ಬಳಸುವ ಸುತ್ತು ಎಲ್ಲವೂ ಅದರೊಳಗಿವೆ. ಇಷ್ಟು ಚಿಕ್ಕ ಹಾರಾಟದಲ್ಲಿ ಏರುವುದು ಮುಗಿಯುತ್ತಿದ್ದಂತೆಯೇ ಇಳಿಯುವ ಸಿದ್ಧತೆ ಮೊದಲಾಗುತ್ತದೆ. ಎಟಿಆರ್ ಎಂಬ ಪಂಖದ ವಿಮಾನ ಗಂಟೆಗೆ 500 ಕಿಲೋಮೀಟರಿನಷ್ಟೇ ಹೋಗುವುದಾದರೂ ಈ ದಾರಿಯಲ್ಲಿ ಅದಕ್ಕೂ ಜೆಟ್ಟಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣದಿರುವುದು ಇದರಿಂದಲೇ.

ಇನ್ನೊಂದು ಸೂಕ್ಷ್ಮವುಂಟು. ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಒಂದಿಷ್ಟು ಹೆಚ್ಚಿನ ನಿಮಿಷಗಳನ್ನು ಸೇರಿಸಿಯೇ ಬರೆಯುತ್ತವೆ. ನಿಗದಿಯಾದ ಹೊತ್ತಿನಿಂದ 15 ನಿಮಿಷದೊಳಗೆ ಬಂದುದೆಲ್ಲ ‘ಸಮಯಕ್ಕೆ ಸರಿಯಾಗಿ’ ಬಂದಂತೆ ಎಣಿಸುವುದು ಆ ಉದ್ಯಮದ ರೂಢಿ. ಮೇಲಾಗಿ ನಿಗದಿಯನ್ನೇ ಸಡಿಲವಾಗಿ ಇಟ್ಟರೆ ತಡವಾಗುವ ಪ್ರಮೇಯವೇ ಕಡಿಮೆ. ಅಂದರೆ ವಿಮಾನದವರು ತಮ್ಮ ಅನುಕೂಲಕ್ಕಾಗಿ ಈ ಸಂಖ್ಯೆಯನ್ನು ಹಿಗ್ಗಿಸುತ್ತಾರೆ, ಕರಪತ್ರದವರು ತಮ್ಮ ಅನುಕೂಲಕ್ಕಾಗಿ ಅದನ್ನು ಕುಗ್ಗಿಸುತ್ತಾರೆ. ಎರಡು ಕೈಗಳಲ್ಲಿ ಎರಡು ಬಗೆಯಾಗಿ ಬಾಗುವ ವಸ್ತುವನ್ನು ಅಳತೆಗೋಲು ಎಂದು ಯಾವ ಬಜಾರದಲ್ಲಿ ಒಪ್ಪುತ್ತಾರೆ?

ಈಗ ನೆಲದ ಲೆಕ್ಕಕ್ಕೆ ಬರೋಣ. ಜಯನಗರದ ಗೃಹಸ್ಥರೊಬ್ಬರು ವೃದ್ಧ ತಾಯಿಯನ್ನು ಕರೆದುಕೊಂಡು ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಬೆಳಗ್ಗೆ 10 ಗಂಟೆಗೆ ನಡೆಯುವ ಅಭಿಷೇಕಕ್ಕೆ ಹೊರಟಿದ್ದಾರೆಂದು ಇಟ್ಟುಕೊಳ್ಳಬಹುದು. ವಿಮಾನ 7 ಗಂಟೆಗೆ. ದೇವನಹಳ್ಳಿ ನಗರದ ಮಧ್ಯದಿಂದಲೇ 35 ಕಿಲೋಮೀಟರ್, ಜಯನಗರದಿಂದ ಇನ್ನೂ ಹೆಚ್ಚು. ಹೊರಡುವ ಹೊತ್ತಿಗೆ ಬಹಳ ಮುಂಚೆಯೇ ಸಾಮಾನು ಒಪ್ಪಿಸಿ ತಪಾಸಣೆ ಮುಗಿಸಬೇಕು. ಬೀದಿ ಬರಿದಾಗಿರುವ ನಸುಕಿನಲ್ಲಿಯೂ ಮನೆಯಿಂದ 4 ಗಂಟೆಗೆ ಹೊರಡದೆ ವಿಧಿಯಿಲ್ಲ. ವಿಮಾನ ಬಜ್ಪೆಯಲ್ಲಿ 8 ಗಂಟೆ 5 ನಿಮಿಷಕ್ಕೆ ಇಳಿಯಿತು. ಗಾಲಿ ಕುರ್ಚಿ, ಪೆಟ್ಟಿಗೆ, ಟ್ಯಾಕ್ಸಿ ಎಂದು ಹೊರಬರುವಾಗ ಎಂಟೂವರೆ. ಅಲ್ಲಿಂದ ಮೂಡಬಿದಿರೆಗೆ ಮುಕ್ಕಾಲು ಗಂಟೆ. ಒಟ್ಟು ಐದೂಕಾಲು ಗಂಟೆಗಳು. ರಸ್ತೆಯಲ್ಲಿ ಹೊರಟಿದ್ದರೆ ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ಏಳೆಂಟು ಗಂಟೆ. ಎರಡು ಎರಡೂವರೆ ಗಂಟೆಯ ಉಳಿತಾಯವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ‘ಒಂದು ಗಂಟೆ’ ಎಂದು ಕೇಳಿದವನ ಮನಸ್ಸಿನಲ್ಲಿ ಮೂಡುವ ಉಳಿತಾಯ ಆರೇಳು ಗಂಟೆಯದು. ನಿಜವಾದ ಲಾಭದ ಮೂರರಷ್ಟನ್ನು ತೋರಿಸುವ ಬೆಲೆಪಟ್ಟಿಗೆ ಅಂಗಡಿಯಲ್ಲಾದರೆ ಏನೆನ್ನುತ್ತಾರೋ ಅದನ್ನೇ ಇಲ್ಲಿಯೂ ಅನ್ನಬೇಕು.

ಈ ವಾಕ್ಯ ಹಿಂದೆ ಇಷ್ಟು ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 2008ರ ಮೇ ತಿಂಗಳವರೆಗೆ ಬೆಂಗಳೂರಿನ ನಿಲ್ದಾಣ ಎಚ್.ಎ.ಎಲ್. ಆವರಣದಲ್ಲಿ, ಊರೊಳಗೇ ಇತ್ತು. ನಿಲ್ದಾಣ ದೇವನಹಳ್ಳಿಗೆ ಸ್ಥಳಾಂತರವಾಯಿತು, ಬೆಂಗಳೂರು ಬೆಳೆಯಿತು, ತಪಾಸಣೆಗಳು ಹೆಚ್ಚಿದವು. ಕರಪತ್ರದ ವಾಕ್ಯ ಮಾತ್ರ ಹಳೆಯ ಅಚ್ಚಿನಿಂದ ಹೊಸ ಅಚ್ಚಿಗೆ ಹಾಗೆಯೇ ದಾಟಿ ಬಂದಿದೆ. ಊರು ದೂರ ಸರಿದರೂ ಸಂಖ್ಯೆ ಸರಿಯಲಿಲ್ಲ.

ಇದಕ್ಕೆ ಒಂದು ಪ್ರತ್ಯುತ್ತರವನ್ನು ವಿದ್ಯಾವಂತ ಯುವಕರು ಸಿದ್ಧವಾಗಿ ಇಟ್ಟುಕೊಂಡಿದ್ದಾರೆ. ಹಿರಿಯರೂ ದೂರವನ್ನು ಹೊತ್ತಿನಿಂದಲೇ ಅಳೆಯುತ್ತಿರಲಿಲ್ಲವೆ? ‘ಅರ್ಧ ದಿನದ ಹಾದಿ’, ‘ಎರಡು ದಿನದ ನಡಿಗೆ’ ಎಂಬ ಮಾತುಗಳು ಎಲ್ಲಿಂದ ಬಂದವು? ಆಗ ತಪ್ಪಲ್ಲದ್ದು ಈಗ ತಪ್ಪು ಹೇಗಾಯಿತು? ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಆ ಮಾತುಗಳಲ್ಲಿಯೇ ಇದೆ. ಎರಡು ದಿನದ ನಡಿಗೆ ಎಂದಾಗ ಹೊಸ್ತಿಲಿನಿಂದ ಹೊಸ್ತಿಲಿನವರೆಗಿನ ಎರಡು ದಿನಗಳೂ ಅದರೊಳಗಿದ್ದವು. ಹೊಳೆಯ ದಡದಲ್ಲಿ ದೋಣಿಗೆ ಕಾದ ಹೊತ್ತು, ಛತ್ರದಲ್ಲಿ ಮಲಗಿದ ರಾತ್ರಿ, ಘಟ್ಟದ ಏರಿನಲ್ಲಿ ದಣಿವಾರಿಸಿಕೊಂಡದ್ದು ಯಾವುದನ್ನೂ ಕಳೆದು ಹೇಳುತ್ತಿರಲಿಲ್ಲ. ಅಳೆಯುತ್ತಿದ್ದ ಸಾಧನವಾದರೋ ಎಲ್ಲರಿಗೂ ಇದ್ದ ಕಾಲು. ಅದು ಬಡವನಿಗೂ ಶ್ರೀಮಂತನಿಗೂ ಹಗಲಿಗೂ ಬೆಳಗಿನ ಜಾವಕ್ಕೂ ಒಂದೇ. ಮೇಲಾಗಿ ಹರದಾರಿ, ಗಾವುದಗಳೆಂಬ ದೂರದ ಮಾಪುಗಳು ಪಕ್ಕದಲ್ಲಿಯೇ ಇದ್ದವು. ಹೊತ್ತಿನ ಮಾತು ಸುಳ್ಳೆನಿಸಿದರೆ ಹರದಾರಿಯನ್ನು ಕೇಳಿ ತಾಳೆ ನೋಡಬಹುದಾಗಿತ್ತು. ವಿಮಾನದ ಒಂದು ಗಂಟೆಯಲ್ಲಿ ಮೊದಲ ಮೂರು ಗಂಟೆಗಳೂ ಕೊನೆಯ ಒಂದು ಗಂಟೆಯೂ ಕಳೆದುಹೋಗಿವೆ, ಕಿಲೋಮೀಟರಂತೂ ಇಲ್ಲವೇ ಇಲ್ಲ. ಹಿರಿಯರ ಮಾತಿಗೂ ಇದಕ್ಕೂ ಹೋಲಿಕೆ ಕೇವಲ ಶಬ್ದದ್ದು.

ಶಾಸ್ತ್ರದ ದೃಷ್ಟಿ ಇಲ್ಲಿ ಬಹಳ ಸ್ಪಷ್ಟವಾಗಿದೆ. ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ಹೋಗಿಬರುವ ದೂರಕ್ಕೇ ಸಂಬಂಧಿಸಿದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದರ ಮೇರೆಗಳನ್ನು ಹೇಳುವಾಗ ಸಮುದ್ರ, ನದಿ, ಅರಣ್ಯ, ಪರ್ವತ, ದೇಶ, ಯೋಜನ ಇವನ್ನು ಎಣಿಸಿದ್ದಾರೆ. ಇವೆಲ್ಲ ನೆಲದ ಮೇಲೆ ಇರುವಂಥವು, ಕಣ್ಣಿಗೆ ಕಾಣುವಂಥವು, ಇಲ್ಲವೇ ಅಳೆದು ನೋಡಬಹುದಾದಂಥವು. ದೇಶಾವಕಾಶಿಕ ವ್ರತಕ್ಕೆ ಬಂದಾಗ ವರ್ಷ, ಋತು, ಮಾಸ, ಪಕ್ಷ ಮೊದಲಾದ ಕಾಲದ ಮಾತು ಬರುತ್ತದೆ. ಆದರೆ ಅದು ವ್ರತ ಎಷ್ಟು ಕಾಲದ್ದು ಎಂಬುದಕ್ಕೆ, ಕ್ಷೇತ್ರ ಎಷ್ಟು ದೂರದ್ದು ಎಂಬುದಕ್ಕಲ್ಲ. ದೂರಕ್ಕೆ ದೂರದ ಮೇರೆ, ಕಾಲಕ್ಕೆ ಕಾಲದ ಮೇರೆ. ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಇಟ್ಟವರ ಸಂತತಿಯಲ್ಲಿ ಈಗ ‘ಎರಡು ಗಂಟೆ ಪ್ರಯಾಣದ ಒಳಗೆ’ ಎಂದು ದಿಗ್ವ್ರತ ತೆಗೆದುಕೊಳ್ಳಬಹುದೆ ಎಂದು ಕೇಳುವವರಿದ್ದಾರೆ. ಕಾರಿನಲ್ಲಿ ಎರಡು ಗಂಟೆಯೆಂದರೆ ಬೆಂಗಳೂರಿನವರಿಗೆ ಶ್ರವಣಬೆಳಗೊಳವೂ ಬಾರದು. ವಿಮಾನದಲ್ಲಿ ಎರಡು ಗಂಟೆಯೆಂದರೆ ಮುಂಬಯಿಯೂ ಒಳಗೆ ಬಂದಿತು. ವಾಹನ ಬದಲಾದಂತೆ ಹಿಗ್ಗುವ ಮೇರೆ ಮೇರೆಯಲ್ಲ. ತತ್ತ್ವಾರ್ಥಸೂತ್ರದಲ್ಲಿ ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯನ್ನು ಹೆಸರಿಸಿರುವುದು ಇಂತಹ ಸಂದರ್ಭಕ್ಕೇ. ಅದರಲ್ಲಿಯೇ ಊರ್ಧ್ವವ್ಯತಿಕ್ರಮವೆಂಬುದೂ ಒಂದು, ಮೇಲಿನ ದಿಕ್ಕಿನ ಮಿತಿಯನ್ನು ಮೀರುವುದು. ಬೆಟ್ಟವೇರುವ ಕಾಲದಲ್ಲಿ ಹೇಳಿದ ಈ ಮಾತನ್ನು ಏಳೆಂಟು ಕಿಲೋಮೀಟರ್ ಎತ್ತರದಲ್ಲಿ ಕುಳಿತು ಹೋಗುವ ವ್ರತಿಗಳು ಎಷ್ಟು ಮಂದಿ ನೆನೆಯುತ್ತಾರೆ?

ಇದೇ ಗ್ರಂಥದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ಹೀನಾಧಿಕಮಾನೋನ್ಮಾನ ಬರುತ್ತದೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆ ತೂಕಗಳನ್ನು ಬಳಸುವುದು. ಅದನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸದೆ ಕಳ್ಳತನದ ಲೆಕ್ಕಕ್ಕೆ ಸೇರಿಸಿರುವುದನ್ನು ಗಮನಿಸಬೇಕು. ಕಿಲೋ ಎಂದು 900 ಗ್ರಾಂ ಕೊಟ್ಟವನ ತಕ್ಕಡಿಯನ್ನು ತೂಕ ಮತ್ತು ಅಳತೆ ಇಲಾಖೆಯವರು ಜಪ್ತಿ ಮಾಡುತ್ತಾರೆ. ಐದು ಗಂಟೆಯ ಪ್ರಯಾಣವನ್ನು ಒಂದು ಗಂಟೆಯೆಂದು ಅಚ್ಚು ಹಾಕಿಸಿದವನಿಗೆ ಉತ್ಸವದ ಕೊನೆಯ ದಿನ ಶಾಲು ಹೊದಿಸುತ್ತಾರೆ.

‘ಇದರಿಂದ ಯಾರಿಗೇನು ನಷ್ಟ, ಎಲ್ಲರಿಗೂ ಗೊತ್ತಿರುವ ಮಾತಲ್ಲವೆ’ ಎನ್ನುವವರು ರಾತ್ರಿಭೋಜನ ತ್ಯಾಗದ ವ್ರತವಿರುವವರನ್ನು ಕೇಳಿ ನೋಡಬೇಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆ ಹೊರಡುವ ವಿಮಾನದ ಟಿಕೆಟ್ಟನ್ನು ಮಗ ತೆಗೆಸಿದ. ಒಂದು ಗಂಟೆಯಲ್ಲವೆ, ಐದೂಕಾಲಿಗೆ ತಲುಪಿ ಹೊತ್ತಿಗೆ ಮುಂಚೆ ಊಟ ಮಾಡಬಹುದು ಎಂಬ ನಂಬಿಕೆ. ಮಧ್ಯಾಹ್ನ ಒಂದು ಗಂಟೆಗೆ ಮನೆ ಬಿಟ್ಟು, ಮೂಡಬಿದಿರೆಯ ವಸತಿಗೃಹಕ್ಕೆ ಕಾಲಿಡುವಾಗ ಆರೂವರೆ. ಆ ತಿಂಗಳಲ್ಲಿ ಕರಾವಳಿಯಲ್ಲಿ ಸೂರ್ಯ ಮುಳುಗುವುದು 6 ಗಂಟೆ ದಾಟಿ ಕೆಲವೇ ನಿಮಿಷಗಳಿಗೆ. ಎಪ್ಪತ್ತರ ಹರೆಯದ ಶ್ರಾವಿಕೆ ಮರುದಿನ ಬೆಳಗಿನವರೆಗೆ ನೀರನ್ನೂ ಮುಟ್ಟದೆ ಮಲಗುತ್ತಾರೆ. ಇದು ಅವರು ಸಂಕಲ್ಪಿಸಿ ಮಾಡಿದ ಉಪವಾಸವಲ್ಲ. ಯಾರದೋ ಅಲಕ್ಷ್ಯದಿಂದ ಒದಗಿದ ಹಸಿವು.

ಪ್ರಸಂಗವಶಾತ್ ಇಲ್ಲಿ ಒಂದು ಸ್ವಾರಸ್ಯವಿದೆ. ಭಾರತಕ್ಕೆಲ್ಲ ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಹೊತ್ತಿಗೆ ಮುಳುಗುವುದಿಲ್ಲ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷದಂತೆ, ಪಶ್ಚಿಮದಲ್ಲಿರುವ ಮಂಗಳೂರಿನಲ್ಲಿ ಸೂರ್ಯಾಸ್ತ ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ. ವಿಮಾನದ ಎತ್ತರದಲ್ಲಿದ್ದವನಿಗೆ ದಿಗಂತ ಕೆಳಗೆ ಸರಿಯುವುದರಿಂದ, ಕೆಳಗಿನ ಊರುಗಳಲ್ಲಿ ದೀಪ ಹಚ್ಚಿದ ಮೇಲೂ ಕೆಲವು ನಿಮಿಷ ಸೂರ್ಯ ಕಿಟಕಿಯಲ್ಲಿ ಕಾಣುತ್ತಿರುತ್ತಾನೆ. ಆಗ ಊಟ ಮಾಡಬಹುದೆ ಎಂದು ಕೆಲವು ಜಾಣರು ವಾದಿಸುವುದುಂಟು. ಈ ಜಾಣತನವೂ ಕರಪತ್ರದ ಒಂದು ಗಂಟೆಯೂ ಒಂದೇ ಗಣಿಯ ಅದಿರು.

ಮಳೆಗಾಲದ ಮಾತೇ ಬೇರೆ. ಬಜ್ಪೆಯದು ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಓಡುದಾರಿ, ತುದಿಗಳಾಚೆ ಕಮರಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಓಡುದಾರಿಯನ್ನು ಮೀರಿ ಹೋಗಿ ಕೆಳಕ್ಕುರುಳಿ, ಅದರಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಇಂತಹ ನೆಲದಲ್ಲಿ ಮಂಜು ಮಳೆ ಕವಿದಾಗ ಚಾಲಕನು ಇಳಿಯದೆ ಸುತ್ತುವುದು, ಬೆಂಗಳೂರಿಗೋ ಕೇರಳದ ಮತ್ತೊಂದು ನಿಲ್ದಾಣಕ್ಕೋ ತಿರುಗಿ ಹೋಗುವುದು ವಿವೇಕ. ಆಗ ಒಳಗೆ ಕುಳಿತವರು ‘ಒಂದು ಗಂಟೆ ಎಂದಿದ್ದರು’ ಎಂದು ಸಿಡುಕುವುದನ್ನು ಕೇಳಿದವರಿಗೆ, ಆ ವಾಕ್ಯ ಜನರ ಮನಸ್ಸಿನಲ್ಲಿ ಎಂತಹ ಹಕ್ಕಿನ ಭಾವನೆಯನ್ನು ಬಿತ್ತಿದೆಯೆಂದು ತಿಳಿಯುತ್ತದೆ. ನೆಲದ ದಾರಿಯೇನೂ ಮಳೆಗಾಲದಲ್ಲಿ ನಂಬಿಕಸ್ಥನಲ್ಲ. ಶಿರಾಡಿ ಘಾಟಿಯಲ್ಲಿ 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ರೈಲುಹಾದಿಗೂ ಅದೇ ಪಾಡಾಯಿತು. ಹಾಗಿರುವಾಗ ಒಂದೇ ಒಂದು ನಿಶ್ಚಿತ ಸಂಖ್ಯೆಯನ್ನು ವರ್ಷವಿಡೀ ಸಲ್ಲುವಂತೆ ಅಚ್ಚು ಹಾಕಿಸುವ ಧೈರ್ಯ ಎಲ್ಲಿಂದ ಬಂದಿತು?

ಅತ್ಯಂತ ದೊಡ್ಡ ಹಾನಿ ಆಗುತ್ತಿರುವುದು ಕರಪತ್ರದಲ್ಲಲ್ಲ, ಮನೆಗಳಲ್ಲಿ. ಕಾರ್ಕಳ, ವೇಣೂರು, ಮೂಡಬಿದಿರೆಗಳ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ಇಬ್ಬರು ವೃದ್ಧರು, ಇಲ್ಲವೇ ಒಬ್ಬರು. ಮಕ್ಕಳು ಬೆಂಗಳೂರಿನಲ್ಲಿ. ದೂರವಾಣಿಯಲ್ಲಿ ಪ್ರತಿ ಸಲವೂ ಒಂದು ಮಾತು: ‘ಅಮ್ಮ, ಹೆದರಬೇಡಿ, ವಿಮಾನದಲ್ಲಿ ಒಂದು ಗಂಟೆ, ಬಂದುಬಿಡ್ತೇವೆ.’ ಹೇಳುವವರಿಗೆ ಅದರಿಂದ ಸಮಾಧಾನ, ಕೇಳುವವರಿಗೂ ಸಮಾಧಾನ. ರಾತ್ರಿ ಹನ್ನೊಂದಕ್ಕೆ ಎದೆ ನೋವು ಬಂದಾಗ ಆ ಸಮಾಧಾನದ ನಿಜರೂಪ ಹೊರಬೀಳುತ್ತದೆ. ರಾತ್ರಿಯ ಕೊನೆಯ ವಿಮಾನ ಹೊರಟುಹೋದ ಮೇಲೆ ಮುಂದಿನದು ಬೆಳಗ್ಗೆ, ಅದರಲ್ಲಿ ಜಾಗವಿದ್ದರೆ. ಆ ಹೊತ್ತಿನಲ್ಲಿ ಬೆಂಗಳೂರು ಮಂಗಳೂರುಗಳ ಅಂತರ ಒಂದು ಗಂಟೆಯಲ್ಲ, ಐದಲ್ಲ, ಹತ್ತು ಹನ್ನೆರಡು. ಆಗ ಉಳಿಯುವುದು ಅದೇ 350 ಕಿಲೋಮೀಟರಿನ ರಸ್ತೆ, ಅದೇ ಘಾಟಿ. ವಿಮಾನದ ಸಮಯವೆಂಬುದು ವಿಮಾನವಿದ್ದಾಗ ಮಾತ್ರ ಇರುವ ಅಳತೆ. ಕಿಲೋಮೀಟರು ಯಾವಾಗಲೂ ಇರುವ ಅಳತೆ. ಒಂದು ಗಂಟೆಯ ಮಾತನ್ನು ನಂಬಿ, ವೃದ್ಧರ ಬಳಿ ರಾತ್ರಿ ಮಲಗಲು ಒಬ್ಬ ಮನುಷ್ಯನನ್ನು ಗೊತ್ತು ಮಾಡದೆ, ಹತ್ತಿರದ ವೈದ್ಯರ ಪರಿಚಯವನ್ನೂ ಇಟ್ಟುಕೊಳ್ಳದೆ ಇರುವ ಕುಟುಂಬಗಳು ಒಂದೆರಡಲ್ಲ. ಇನ್ನೂರು ಕಿಲೋಮೀಟರ್ ದೂರದಲ್ಲಿದ್ದು ಬಸ್ಸನ್ನೇ ನೆಚ್ಚಿದ ಮಕ್ಕಳು ಇದಕ್ಕಿಂತ ಎಚ್ಚರವಾಗಿರುತ್ತಾರೆ. ಅವರಿಗೆ ತಾವು ದೂರವಿದ್ದೇವೆಂಬುದು ಗೊತ್ತು.

ಹಾಗೆಯೇ ಈ ಎರಡು ಊರುಗಳ ನಡುವೆ ಏನಿದೆ ಎಂಬುದೂ ಮರೆಯುತ್ತಿದೆ. ಶ್ರವಣಬೆಳಗೊಳ, ಕಂಬದಹಳ್ಳಿಯ ಪಂಚಕೂಟ ಬಸದಿ, ಹಳೇಬೀಡಿನ ಪಾರ್ಶ್ವನಾಥ ಬಸದಿ, ಘಟ್ಟವಿಳಿದರೆ ಧರ್ಮಸ್ಥಳ, 1604ರಲ್ಲಿ ತಿಮ್ಮರಾಜ ಅಜಿಲನು ಗೊಮ್ಮಟನನ್ನು ನಿಲ್ಲಿಸಿದ ವೇಣೂರು. ಹಿಂದಿನ ಯಾತ್ರಿಕ ಇವುಗಳಲ್ಲಿ ಎರಡು ಮೂರನ್ನಾದರೂ ದರ್ಶಿಸದೆ ಮೂಡಬಿದಿರೆಗೆ ಬರುತ್ತಿರಲಿಲ್ಲ. ಗೋಲಕಕ್ಕೆ ಒಂದು ರೂಪಾಯಿ, ಅರ್ಚಕರಿಗೆ ನಾಲ್ಕು ಮಾತು, ಸೋರುತ್ತಿರುವ ಮಾಡಿನ ಮೇಲೆ ಒಂದು ದೃಷ್ಟಿ ಬೀಳುತ್ತಿತ್ತು. 2017ರಲ್ಲಿ ನೆಲಮಂಗಲದ ಕಡೆಯಿಂದ ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ರೈಲು ಓಡಿ ದಾರಿ ಇನ್ನಷ್ಟು ಸುಲಭವಾಯಿತು. ದೊಡ್ಡ ಕ್ಷೇತ್ರಗಳಿಗೆ ಯಾತ್ರಿಕರ ಕೊರತೆಯಿಲ್ಲ ನಿಜ. ಚಿಕ್ಕ ಬಸದಿಗಳ ಟ್ರಸ್ಟಿಗಳು ತಮ್ಮ ಸಂದರ್ಶಕರ ಪುಸ್ತಕವನ್ನು ತೆರೆದು ಹಿಂದಿನ ಹತ್ತು ವರ್ಷದ ಪುಟಗಳನ್ನು ಎಣಿಸಿ ನೋಡಲಿ.

ಮುನಿಸಂಘದ ವಿಹಾರವನ್ನು ಏರ್ಪಡಿಸುವ ಸಮಿತಿಗಳಿಗೆ ಈ ಭ್ರಾಂತಿಯಿಲ್ಲವೆಂಬುದು ಗಮನಾರ್ಹ. ಮುಂದಿನ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುವವರಿಗೆ ಒಂದು ಊರಿನಿಂದ ಮತ್ತೊಂದಕ್ಕೆ ಎಷ್ಟು ಕಿಲೋಮೀಟರ್, ನಡುವೆ ಆಹಾರಕ್ಕೆ ಯಾವ ಊರು, ರಾತ್ರಿಗೆ ಯಾವ ಶಾಲೆ ಎಂಬುದನ್ನು ಅವರು ಕಾಗದದ ಮೇಲೆ ಬರೆದಿಟ್ಟಿರುತ್ತಾರೆ. ಅದೇ ಸಮಿತಿಯ ಅದೇ ಕಾರ್ಯದರ್ಶಿ ಗೃಹಸ್ಥರಿಗೆ ಆಮಂತ್ರಣ ಬರೆಯುವಾಗ ಮಾತ್ರ ಕಿಲೋಮೀಟರನ್ನು ಮರೆಯುತ್ತಾರೆ!

ವಿಮಾನವನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಮೊಣಕಾಲು ನೋವಿನವರಿಗೆ, ಒಂದೇ ದಿನದ ರಜೆಯವರಿಗೆ, ತುರ್ತಿನವರಿಗೆ ಅದು ಉಪಕಾರಿ. ಆಕ್ಷೇಪ ಇರುವುದು ಅಳತೆಯ ಮೇಲೆ. ಟ್ರಸ್ಟುಗಳು ಮಾಡಬೇಕಾದುದು ಇಷ್ಟೇ: ಮುಂದಿನ ಆಮಂತ್ರಣ ಪತ್ರಿಕೆಯಲ್ಲಿ ‘ಕೇವಲ ಒಂದು ಗಂಟೆ’ ಎಂಬುದನ್ನು ಹೊಡೆದುಹಾಕಿ, ಬೆಂಗಳೂರು ನಗರದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಏಳೆಂಟು ಗಂಟೆ, ವಿಮಾನದಲ್ಲಿ ಬರುವವರಿಗೆ ಮನೆ ಬಿಟ್ಟಲ್ಲಿಂದ ಕ್ಷೇತ್ರ ತಲುಪುವವರೆಗೆ ಐದರಿಂದ ಆರು ಗಂಟೆ, ರಾತ್ರಿಭೋಜನ ತ್ಯಾಗವಿರುವವರು ಬೆಳಗಿನ ವಿಮಾನದಲ್ಲಿಯೇ ಬರುವುದು, ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಎಂದು ಅಚ್ಚು ಹಾಕಿಸಲಿ. ಅದರ ಕೆಳಗೆ, ರಾತ್ರಿ ಹನ್ನೊಂದಕ್ಕೂ ಕರೆಗೆ ಉತ್ತರ ಕೊಡುವ ಕ್ಷೇತ್ರದ ಒಬ್ಬ ಕಾರ್ಯಕರ್ತರ ದೂರವಾಣಿ ಸಂಖ್ಯೆಯನ್ನೂ ಸೇರಿಸಲಿ.